ದಾಳಿ ಮೇಷ್ಟ್ರ ಒಂದು ಕೂಗು

ನಮ್ಮ ದಾಳಿ ಮೇಷ್ಟ್ರ ಬಲಗಾಲು ಮಡಚುತ್ತಿರಲಿಲ್ಲ. ಭದ್ರಾವತಿ-ಶಿವಮೊಗ್ಗ ಬಸ್ಸಿನಲ್ಲಿ ಕೂತರೆ ಆ ಕಾಲು ನಡುದಾರಿಗೆ ಚಾಚಿಕೊಂಡೇ ಇರುತ್ತಿತ್ತು. ಕಂಡಕ್ಟರು "ಕಾಲು ತೆಗೀರಿ ಸಾರ್" ಎಂದರೆ, "ತೆಗ್ದು ಎಲ್ಲಿಡ್ಲಿ, ನಿಮ್ ಬ್ಯಾಗಲ್ಲಿ ಜಾಗ ಇದ್ಯಾ?" ಎನ್ನುತ್ತಿದ್ದರು.

ಭದ್ರಾವತಿಯ ನಮ್ಮ ಕಾಲೇಜಿನಲ್ಲಿ ಅವರು ಕಾಮರ್ಸ್ ಉಪನ್ಯಾಸಕರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಡುಗಿಯರ ಕಬಡ್ಡಿ ತಂಡ ಸೇರಿದಾಗ ತಂಡಕ್ಕೆ ಇಬ್ಬರು ಯಜಮಾನರಿದ್ದರು. ಹಿಡಿಯುವ ಪಾಠ, ಶಿಸ್ತು, ಬಾಳೆಹಣ್ಣು ಎಲ್ಲ ಕಾಲೇಜಿನ ಆಟದ ಮೇಷ್ಟ್ರಾದ ಪಿ.ಡಿ. ಸರ್ ಅವರದು. ದಾಳಿ ಮಾತ್ರ ಇವರದು. ಯಾರು ಹೋಗಬೇಕು, ಯಾವ ಮೂಲೆಗೆ ಹೋಗಬೇಕು, ಎಲ್ಲ ಇವರೇ ತೀರ್ಮಾನಿಸುತ್ತಿದ್ದರು. ಸಂಜೆ ಕಾಗದನಗರದ ಮೈದಾನದ ಬೆಂಚಿನ ಮೇಲೆ ಏಳು ಕಡಲೆಕಾಯಿ ಇಟ್ಟು, ಇವರೇ ಎದುರಾಳಿಗಳು ಎನ್ನುವರು. ಅವರ ಕಿರುಬೆರಳು ರೈಡರ್. ಬೆರಳು ಮುಟ್ಟಿ ವಾಪಸ್ ಬಂದರೆ, ಔಟಾದ ಕಾಯಿ ಸುಲಿದು ಅವರ ಬಾಯಿಗೆ. ನಮಗೆ ಬರೀ ಸಿಪ್ಪೆ.

"ಹೋಗೋದಕ್ಕೆ ದಾಳಿ ಅನ್ನಲ್ಲ ಮಾರಾಯ್ತಿ, ವಾಪಸ್ ಬರೋದಕ್ಕೆ ಅಂತಾರೆ."

ದಾಳಿ ನಡೆಯುವಾಗ ನಮ್ಮ ಕಡೆಯವರು ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಆಟದ ನಿಯಮವೇ ಹಾಗೆ. ರೈಡರಿಗೆ ಕೂಗಿ ಎಚ್ಚರಿಸಿದರೆ ಎದುರಾಳಿಗೆ ಒಂದು ಪಾಯಿಂಟ್. ಮೇಷ್ಟ್ರಂತೂ ಬಾಯಲ್ಲಿ ಕರ್ಚೀಫ್ ಕಚ್ಚಿಕೊಂಡೇ ಕೂರುತ್ತಿದ್ದರು. ಅವರ ಕಾಲಿನ ಕತೆ ಕೇಳಿದರೆ, "ನಾನು ಆಡೋ ಕಾಲದಲ್ಲಿ ಒಬ್ಬ ಹಿಂದಿಂದ ಬಂದು ಮೊಣಕಾಲ ಮೇಲೆ ಬಿದ್ದ. ನಮ್ಮೋರೆಲ್ಲ ನೋಡ್ತಿದ್ರು. ಯಾರೂ ಕೂಗ್ಲಿಲ್ಲ. ನಿಯಮ ನೋಡು!" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನ್ನ ಕೊನೆಯ ವರ್ಷ ಫೈನಲ್ ತಲುಪಿದೆವು. ಶಿವಮೊಗ್ಗದ ಕಾಲೇಜಿನ ಮೇಲೆ, ಅವರದೇ ಮೈದಾನದಲ್ಲಿ. ನಮ್ಮ ಹುಡುಗಿಯರು ಅಲ್ಲಿಯವರೆಗೆ ಗೆದ್ದ ಕಪ್ಪಿನ ಮುಖ ಕಂಡವರಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಪಿ.ಡಿ. ಸರ್ ಬೆಳಿಗ್ಗೆಯೇ ಪ್ರಿನ್ಸಿಪಾಲರ ಕೋಣೆಯಲ್ಲಿ ಅದಕ್ಕೆ ಜಾಗ ಮಾಡಿಸಿ ಬಂದಿದ್ದರು.

ಆಟ ಮುಗಿಯುತ್ತ ಬಂದಾಗ ಅಂಕ ಸಮ. ಕೊನೆಯ ದಾಳಿ ನಮ್ಮದು. ನಮ್ಮ ಒಳ್ಳೆಯ ರೈಡರ್ ಔಟಾಗಿ ಹೊರಗಿದ್ದಳು. ಉಳಿದವಳು ನಾನು. ಸೆಮಿಫೈನಲ್ಲಿನಲ್ಲಿ ತಿರುಚಿದ್ದ ನನ್ನ ಎಡ ಮೊಣಕಾಲು ಬನ್ನಿನಂತೆ ಊದಿತ್ತು.

"ತಡ್ಕೊಳ್ಳತ್ತಾ?" ಮೇಷ್ಟ್ರು ಕೇಳಿದರು.

"ತಡ್ಕೊಳ್ಳತ್ತೆ ಸರ್."

"ಕಳ್ಸಿ ಸಾರ್, ಇನ್ಯಾರಿದಾರೆ?" ಎಂದು ಪಿ.ಡಿ. ಸರ್ ಚಡಪಡಿಸಿದರು.

ಮೇಷ್ಟ್ರು ನನ್ನ ಮೊಣಕಾಲನ್ನೇ ನೋಡುತ್ತಿದ್ದರು. "ಎಡಮೂಲೆ. ಮುಟ್ಟಿ ಬಾ. ಆಗ್ಲಿಲ್ವಾ, ಸುಮ್ನೆ ಬಾ" ಎಂದು ಕರ್ಚೀಫ್ ಕಚ್ಚಿಕೊಂಡರು.

ಗೆರೆ ದಾಟಿದೆ. ಕಬಡ್ಡಿ, ಕಬಡ್ಡಿ. ಎಡಮೂಲೆಯವಳು ಆಸೆ ತೋರಿಸುತ್ತ ಹಿಂದೆ ಸರಿದಳು. ಅವಳ ಬೆನ್ನಟ್ಟಿ ಒಳಗೆ ಹೋದೆ. ಕೈ ಚಾಚಿದೆ. ಇನ್ನೇನು ಬೆರಳ ತುದಿಗೆ ಸಿಗಬೇಕು.

"ಹಿಂದೆ! ಕಾಲೆತ್ತು!"

ಅದು ಮೇಷ್ಟ್ರ ದನಿ. ಮೈದಾನವೆಲ್ಲ ಕೇಳಿತು. ನಾನು ಯೋಚಿಸುವ ಮೊದಲೇ ಕಾಲು ಜಿಗಿದಿತ್ತು. ಬಲಮೂಲೆಯಿಂದ ನುಗ್ಗಿ ಬಂದಿದ್ದ ದಪ್ಪ ಹುಡುಗಿ, ನನ್ನ ಮೊಣಕಾಲು ಇದ್ದ ಜಾಗದಲ್ಲಿ ದೊಪ್ಪೆಂದು ಬರೀ ಮಣ್ಣಿನ ಮೇಲೆ ಬಿದ್ದಳು. ನಾನು ಬರಿಗೈಲಿ ಗೆರೆ ದಾಟಿ ಬಂದೆ. ಅಂಪೈರ್ ಸೀಟಿ ಊದಿ ಎದುರಾಳಿಗಳ ಕಡೆ ಬೆರಳೆತ್ತಿದರು. ಆ ಒಂದು ಪಾಯಿಂಟಿನಲ್ಲಿ ಸೋತೆವು.

"ನೀವೇ ಬಾಯಿ ಬಿಟ್ರಾ ಸಾರ್?" ಪಿ.ಡಿ. ಸರ್ ಎದುರಿಗೆ ಬಂದು ನಿಂತರು.

ಮೇಷ್ಟ್ರು ನೆಲಕ್ಕೆ ಬಿದ್ದಿದ್ದ ಕರ್ಚೀಫ್ ಎತ್ತಿ ಕೊಡವಿದರು. "ಬಿಟ್ಟೆ" ಎಂದರು.

ವಾಪಸು ಬರುವಾಗ ನಮ್ಮನ್ನು ಭದ್ರಾವತಿ ಮುಟ್ಟಿಸಲು ಮೇಷ್ಟ್ರೂ ಬಸ್ಸು ಹತ್ತಿದರು. ಅಂದು ಕಂಡಕ್ಟರು ಆ ಕಾಲನ್ನು ಸುಮ್ಮನೆ ದಾಟಿಕೊಂಡು ಹೋದರು. ಮರುವರ್ಷದಿಂದ ತಂಡದ ಹತ್ತಿರ ಅವರನ್ನು ಕರೆಯಲಿಲ್ಲವೆಂದು ತಿಳಿದಾಗ ನನಗೆ ಮೈಯೆಲ್ಲ ಉರಿಯಿತು.

ಕೆಲವು ವರ್ಷಗಳಾದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಶಿವಮೊಗ್ಗದ ಗೋಪಾಳದಲ್ಲಿ ಅವರದು ಮಹಡಿ ಮನೆ. ಕಡಿದಾದ ಆ ಮೆಟ್ಟಿಲುಗಳನ್ನು ಅವರು ಕಾಲೆಳೆದುಕೊಂಡು ಹತ್ತುತ್ತಿದ್ದರು. ನಾನು ಎರಡೂ ಮೊಣಕಾಲು ಮಡಚುತ್ತ ಸರಸರನೆ ಹತ್ತಿಬಿಟ್ಟೆ. ಹತ್ತಿದ್ದಕ್ಕೇ ಅಳು ಬಂತು.

ಅವರ ಹೆಂಡತಿಗೆ ನನ್ನ ಗುರುತು ಸಿಗಲಿಲ್ಲ. ಫೈನಲ್ಲಿನಲ್ಲಿ ಕೊನೆಯ ದಾಳಿಗೆ ಹೋದವಳು ಎಂದೆ.

"ಅಯ್ಯೋ, ನೀನೇನಾ? ಆ ಮ್ಯಾಚಿನ ಕತೆ ಎಷ್ಟ್ ಸಲ ಹೇಳಿದ್ರೋ! ಕಪ್ ಗೆದ್ರಿ ಅಲ್ವಾ?"

"ಇಲ್ಲಮ್ಮ, ಸೋತ್ವಿ."

ಅವರು ನನ್ನನ್ನೇ ನೋಡಿದರು. "ಹೌದಾ? ಅದನ್ನ ಹೇಳ್ಲೇ ಇಲ್ಲ ನೋಡು. 'ಹುಡುಗಿ ವಾಪಸ್ ಬಂದ್ಲು ಕಣೇ' ಅಂತಷ್ಟೇ ಅನ್ನೋರು."