ಉಪ್ಪು ಬಿಡಿಸಿದ ಜಾಡಿ

ನೆಲ ಅಗೆದಾಗ ಸಿಕ್ಕ ಮಡಕೆ, ಕುಡಿಕೆ, ಸುಟ್ಟ ಮಣ್ಣಿನ ಗೊಂಬೆಗಳ ಚೂರುಗಳನ್ನು ಜೋಡಿಸುವುದು ನನ್ನ ಕೆಲಸ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಿಂದ ಎರಡು ರಸ್ತೆ ಆಚೆ ಅದಕ್ಕೊಂದು ಕೋಣೆ ಇಟ್ಟುಕೊಂಡಿದ್ದೇನೆ. ಎಷ್ಟು ಚೂರು ಕಾಣೆಯಾಗಿದ್ದರೂ ತಲೆ ಕೆಡಿಸಿಕೊಳ್ಳುವವಳಲ್ಲ ನಾನು. ಇದ್ದದ್ದನ್ನು ಅಂಟಿಸುತ್ತೇನೆ, ಇಲ್ಲದ ಕಡೆ ಪ್ಲಾಸ್ಟರ್ ತುಂಬುತ್ತೇನೆ.

ಕೆಂಚಾರ್ಲಹಳ್ಳಿಯ ಮನೆಯಲ್ಲಿ ಅಮ್ಮ ತೀರಿಕೊಂಡ ದಿನ, ಬಂದವರು ಅಡುಗೆಮನೆ ಸಾಮಾನು ಸರಿಸುವಾಗ ಅವಳ ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಬಿದ್ದು ಒಡೆಯಿತು. ತಳದಲ್ಲಿದ್ದ ಒಂದು ಹಿಡಿ ಉಪ್ಪಿನಕಾಯಿ ತಿಪ್ಪೆ ಸೇರಿತು. ಎಲ್ಲರೂ ಅಳುತ್ತಿದ್ದರು. ನಾನು ಮಾತ್ರ ಒಡೆದ ಅಂಚು ನೋಡುತ್ತಾ, ಹನ್ನೊಂದು ಚೂರು, ಪುಡಿಯಾಗಿಲ್ಲ, ಸಲೀಸಾಗಿ ಕೂರುತ್ತದೆ ಅಂದುಕೊಳ್ಳುತ್ತಿದ್ದೆ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸಬೇಕಿತ್ತು ಎಂಬುದು ಗೊತ್ತಿತ್ತು, ಅಷ್ಟೆ.

ತಿಥಿ ಮುಗಿದ ಮೇಲೆ ಅಕ್ಕ ಆ ಚೂರುಗಳನ್ನು ಗಂಟು ಕಟ್ಟಿಕೊಂಡು ನನ್ನ ಕೋಣೆಗೆ ಬಂದಳು. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿಗೆ ಅವಳು ಶಿಡ್ಲಘಟ್ಟ ಸೇರಬೇಕು, ಕೂರಲೂ ಇಲ್ಲ.

"ಅಂಟಿಸ್ಕೊಡೇ. ಇದ್ರಲ್ಲಿ ನಾನೇನೂ ಹಾಕಲ್ಲ. ಮುಚ್ಚಳ ತೆಗೆದ್ರೆ ಅಮ್ಮನ ಅಡುಗೆಮನೆ ವಾಸ್ನೆ ಬಂದ್ರೆ ಸಾಕು ಕಣೇ ನಂಗೆ," ಅಂದಳು.

ಹೂಂ ಅಂದೆ. ಕೇಳಿಸಿತು, ತಲೆಗೆ ಹೋಗಲಿಲ್ಲ.

ಉಪ್ಪು ಹೀರಿದ ಪಾತ್ರೆಯನ್ನು ಹಾಗೇ ಅಂಟಿಸಿದರೆ ಥಂಡಿ ಹಿಡಿದು ಒಣಗುವಾಗ ಉಪ್ಪು ಒಳಗಿಂದ ಉಬ್ಬಿ ಹೊಳಪಿನ ಪದರವನ್ನೇ ಏಳಿಸುತ್ತದೆ. ಎಣ್ಣೆ ಇದ್ದರಂತೂ ಅಂಟು ಕಚ್ಚುವುದೇ ಇಲ್ಲ. ಹಾಗಾಗಿ ಚೂರುಗಳನ್ನು ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಕೊನೆಗೆ ಎಣ್ಣೆ ಕರಗಿಸುವ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಎಲ್ಲ ಮಡಕೆಗಳಿಗೂ ಮಾಡುವಂತೆ ಇದಕ್ಕೂ ಮಾಡಿದೆ. ಕೆಲಸದ ಪುಸ್ತಕದಲ್ಲಿ "ಕಲ್ಮಶ: ಎಣ್ಣೆ, ಖಾರ, ಅರಿಶಿನ. ಪೂರ್ತಿ ತೆಗೆಯಲಾಗಿದೆ" ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಜಾಡಿ ತಯಾರಾಗಿದೆ ಎಂದು ಫೋನ್ ಮಾಡಿದ ಮಾರನೆಯ ದಿನವೇ ಅಕ್ಕ ಬಂದಳು. ಹೊಗಳುತ್ತಾಳೆ ಎಂದು ಕಾದಿದ್ದೆ, ಯಾಕೆಂದರೆ ಅಷ್ಟು ನಾಜೂಕಾದ ಕೆಲಸ ನನ್ನ ಕೈಯಿಂದಲೂ ಅಪರೂಪ. ಅವಳು ಅಂಟಿಸಿದ ಗೆರೆಗಳ ಕಡೆ ನೋಡಲೇ ಇಲ್ಲ. ಮುಚ್ಚಳ ತೆಗೆದು ಜಾಡಿಯ ಬಾಯಿಗೆ ಮುಖ ಇಟ್ಟಳು. ತಲೆ ಎತ್ತಿ, ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಇಟ್ಟಳು.

"ಆಸ್ಪತ್ರೆ ವಾಸ್ನೆ ಬರ್ತೈತಲ್ಲೇ."

"ತೊಳೀಲೇಬೇಕಿತ್ತು ಅಕ್ಕ. ಇಲ್ದಿದ್ರೆ ಅಂಟು ಹಿಡಿಯಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮುಚ್ಚಳವನ್ನು ನಿಧಾನಕ್ಕೆ ಮುಚ್ಚಿದಳು.

"ತೊಳೆಯೋವಾಗ ನಿಂಗೆ ಅಮ್ಮನ ವಾಸ್ನೆ ಬರ್ಲಿಲ್ವೇನೇ?"

ನಾಚಿಕೆಯಾಯಿತು. ಅಮ್ಮ ಹೋದ ಮೇಲೆ ನನಗೆ ಮೊಟ್ಟಮೊದಲು ಅನ್ನಿಸಿದ್ದು ಅದೇ.

ಬಂದಿತ್ತು. ಮೊದಲ ದಿನ ನೀರಿನ ಮೇಲೆ ಹಳದಿ ಎಣ್ಣೆ ತೇಲಿ, ಮೆಂತ್ಯ, ಇಂಗು, ಸಾಸಿವೆಯ ಘಾಟಿಗೆ ಕೋಣೆಗೆ ಕೋಣೆಯೇ ಅಮ್ಮನ ಅಡುಗೆಮನೆಯಾಗಿತ್ತು. ನಾನು ಎದ್ದು ಹೋಗಿ, ವಾಸನೆ ಹೋಗಲಿ ಎಂದು ಎರಡೂ ಕಿಟಕಿ ತೆರೆದಿದ್ದೆ.

"ನೆಗಡಿ ಆಗಿತ್ತು ಕಣಕ್ಕ," ಅಂದೆ.