ಹಾಸೋ ಕೌದಿ, ಹೊದಿಯೋ ಕೌದಿ

ನಮ್ಮವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಮಂಡಿನೋವಿನ ಔಷಧಿಗೆಂದು ತನ್ನೂರು ಸಾರಥಿಯಿಂದ ದಾವಣಗೆರೆಗೆ, ಸರಸ್ವತಿ ನಗರದ ನಮ್ಮ ಮನೆಗೆ ಬಂದಳು. ವಾರವಾರ ತೋರಿಸಬೇಕು, ನಡುವೆ ಬಿಡಬಾರದು ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದರು. ಮಾತ್ರೆಗೆ ಅವಳ ತಕರಾರಿಲ್ಲ. ತಕರಾರೆಲ್ಲ ಹುಲಿ ಚಿತ್ರದ ನಮ್ಮ ಹೊಸ ರಗ್ಗಿನ ಮೇಲೆ.

"ಹೊದ್ದಂಗೇ ಆಗಂಗಿಲ್ಲ ತಮ್ಮಾ. ಮೈಮ್ಯಾಲೆ ತೂಕಾನೇ ಇಲ್ಲ. ಯಾವಾಗ ಜಾರಿ ಹೋಗ್ತೈತೋ ಅಂತ ಕಾಯ್ಕಂಡು ಮಲಗಬೇಕು. ನಂಗೆ ಕೌದಿ ತಾ, ಇಲ್ಲಾಂದ್ರೆ ಊರಿಗೆ ಬಿಡು."

ಊರಿಗೆ ಹೋದರೆ ಮತ್ತೆ ಬರುವ ಪೈಕಿಯಲ್ಲ ಅವಳು. ಔಷಧಿ ಅಲ್ಲಿಗೆ ಮುಗಿದಂತೆ. ಅವಳದೇ ಕೌದಿ ತರೋಣವೆಂದರೆ ಅದರ ಮೇಲೆ ಮೊಮ್ಮಗಳ ಕೂಸು ಮಲಗಿದೆ; ಕೂಸಿನ ಅಡಿಯಿಂದ ಎಳೆದು ತರಲಾಗುತ್ತದೆಯೇ?

ಹಳೇ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲಿ ಹೊಲಿದ ಕೌದಿ ನಮ್ಮ ಕಾಲಕ್ಕೆ ಇಲ್ಲದ ಮನೆಯಿರಲಿಲ್ಲ. ಈಗ ಕೇಳಿದರೆ ಜನ ನಗುತ್ತಾರೆ. ಶಾಮನೂರಿನ ಗೆಳೆಯನ ಮನೆಯಲ್ಲಿ ಇದ್ದೊಂದನ್ನೂ ಪಾತ್ರೆ ಮಾರುವವಳಿಗೆ ಹಾಕಿ ಸ್ಟೀಲ್ ಡಬರಿ ತಗೊಂಡಿದ್ದರು. ಹೊಲಿಯುವವಳೊಬ್ಬಳನ್ನು ಹುಡುಕಿದರೆ, "ಈಗಿನ ಸೀರೆಗೆ ಸೂಜಿ ನಿಲ್ಲಂಗಿಲ್ರಿ, ಜಾರ್ತಾವೆ" ಅಂದು ಬಾಗಿಲು ಹಾಕಿಕೊಂಡಳು.

ಕೊನೆಗೆ ಹರಿಹರದಲ್ಲಿ, ಹಳೇ ಮರದ ಸಾಮಾನಿನ ಅಂಗಡಿಯಲ್ಲಿ ಕಂಡಿತು. ಒಂದಕ್ಕೊಂದು ತಿಕ್ಕದಿರಲಿ ಅಂತ ಎರಡು ಬೀರುಗಳ ನಡುವೆ ತುರುಕಿದ್ದರು. ಎಳೆದು ನೋಡಿದೆ. ಪಟ್ಟಾಪಟ್ಟಿ ಚಡ್ಡಿಯ ಬಟ್ಟೆ, ಶಾಲೆಯ ನೀಲಿ ಲಂಗ, ಅಕ್ಷರ ಮಾಸಿದ ಹಿಟ್ಟಿನ ಚೀಲ, ಒಂದು ಮೂಲೆಗೆ ಇಳಕಲ್ ಸೆರಗಿನ ಚೂರು. ದಾರ ಕೂಡ ಸಿಕ್ಕ ಸಿಕ್ಕ ಬಣ್ಣದ್ದು.

"ಇದನ್ನ ಕೊಡ್ರಿ," ಅಂದೆ.

"ಅದು ಮಾರೋದಲ್ರಿ," ಅಂದ ಅಂಗಡಿಯವ. "ಅದಿಲ್ಲಾಂದ್ರೆ ಬೀರಿನ ಕನ್ನಡಿ ಒಡೀತೈತೆ. ಬೀರು ತಗಳ್ರಿ, ಕೌದಿ ಸುತ್ತೇ ಕಳಿಸ್ತೀನಿ."

"ನಂಗೆ ಬೀರು ಬ್ಯಾಡ್ರಿ, ಕೌದಿ ಬೇಕು."

"ನಂಗೂ ಕೌದಿ ಬೇಕಲ್ರಿ!"

ಎದ್ದು ಹೊರಟಂತೆ ನಟಿಸಿದೆ. ಅವನು "ಆಯ್ತು ಬರ್ರಿ ಹಂಗಾದ್ರೆ" ಅಂತ ನಿಜಕ್ಕೂ ಬೀಳ್ಕೊಟ್ಟ. ನಾಚಿಕೆಗೆಟ್ಟು ವಾಪಸು ಬಂದು, ಬೀರಿನ ಬದಲು ಕಾಲು ಕುಂಟುವ ಕನ್ನಡಿ ಮೇಜಿಗೆ ಕೌದಿ ಸುತ್ತಿ ಕೊಡು ಅಂತ ಒಪ್ಪಿಕೊಂಡೆ. ಗೂಡ್ಸ್ ಆಟೋದಿಂದ ಅದು ಇಳಿಯುವಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಕೌದಿ ತರಾಕೆ ಹೋದೋರು ಕನ್ನಡಿ ತಂದ್ರಾ? ಒಳ್ಳೇದಾಯ್ತು, ಮುಖ ನೋಡ್ಕಳ್ರಿ!"

ನೀರು ಕುಡಿದ ಕೌದಿ ಎಮ್ಮೆ ಭಾರ. ತುಳಿದು, ಆಚೆಯೊಬ್ಬರು ಈಚೆಯೊಬ್ಬರು ಹಿಂಡಿ, ತಾರಸಿ ಮೇಲೆ ಒಣಗಿಸಿ ದೊಡ್ಡವ್ವನ ಮುಂದಿಟ್ಟೆವು. ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಹೊಲಿದಾಕಿ ಕೈ ಚಲೋ ಐತೆ. ಯಾರದಿದು?"

"ಯಾರಿಗ್ಗೊತ್ತು ದೊಡ್ಡವ್ವ, ಅಂಗಡೀಲಿ ಸಿಕ್ತು."

ಮಡಿಚಿದಳು, ಕೆಳಗೆ ಹಾಕಿದಳು, ಅದರ ಮೇಲೆ ಕೂತಳು. "ಗೊತ್ತಿಲ್ಲದೋರ ಕೌದಿ ಹಾಸಬೌದು. ಹೊದಿಯಂಗಿಲ್ಲ."

ನನ್ನ ನೆತ್ತಿ ಕಾದುಹೋಯಿತು. "ತೂಕ ಮೈಮೇಲೆ ಬೇಕು ಅಂದಿದ್ದು ನೀನೇ ಅಲ್ಲೇನು? ಈಗ ಮೈಕೆಳಗೆ ಹಾಕ್ಕಂಡು ಏನು ಮಾಡ್ತೀಯಾ?"

"ಕೂಗಬ್ಯಾಡ. ಮನೆಯೋರು ಉಟ್ಟ ಬಟ್ಟೆದು ಮ್ಯಾಲೊಂದು ಪದರ ಹಾಕಿದ್ರೆ ನಮ್ದೇ ಆಗ್ತೈತೆ. ತಗಂಬಾ."

ಕಪಾಟಿನಲ್ಲಿದ್ದುದನ್ನೆಲ್ಲ ತಂದು ಸುರಿದೆ. ನನ್ನ ಟೀ ಶರ್ಟು ಎಳೆದು ನೋಡಿ "ಇದು ರಬ್ಬರು" ಅಂದಳು. ಪ್ಯಾಂಟು "ತಗಡು." ಹೆಂಡತಿಯ ಸೀರೆಗಳು "ಮೀನು ಇದ್ದಂಗವೆ, ಕೈಗೇ ಸಿಗಂಗಿಲ್ಲ." ಆಮೇಲೆ ಕಣ್ಣು ನನ್ನ ನಡುವಿಗೆ ಬಂತು. ಒಗೆದೊಗೆದು ಬೆಣ್ಣೆಯಂತಾದ ಹತ್ತಿ ಲುಂಗಿ, ಮನೆಗೆ ಬಂದರೆ ನನಗಿದ್ದ ಒಂದೇ ಸುಖ.

"ಇದನ್ನ ಮಾತ್ರ ಕೊಡಂಗಿಲ್ಲ."

"ಹಂಗಾದ್ರೆ ಊರಿಗೆ ಬಿಡು."

ಬಿಚ್ಚಿಕೊಟ್ಟೆ. ಹೆಂಡತಿ ಬಿದ್ದು ಬಿದ್ದು ನಕ್ಕಳು. ಲುಂಗಿ ಸಾಲಲಿಲ್ಲ, ಅವಳು ಬಚ್ಚಿಟ್ಟಿದ್ದ ಹತ್ತಿ ಸೀರೆ ಹೊರಗೆ ಬಂದಾಗ ನಗು ನಿಂತಿತು.

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಕೆಲಸವಿಲ್ಲ. ಷೂ ಹಾಕಿಕೊಂಡು ಆಫೀಸಿಗೆ ಹೊರಟರೆ "ತಮ್ಮಾ, ಸೂಜಿ ಪೋಣಿಸು." ಊಟಕ್ಕೆ ಕೂತರೆ "ಸೂಜಿ ಪೋಣಿಸು." ಬೇಗ ಮುಗಿಯಲೆಂದು ಹೆಂಡತಿ ಹಾಕಿದ ಒಂದು ಸಾಲನ್ನು "ಕಾಗೆ ಕಾಲಿಟ್ಟಂಗೈತೆ" ಅಂತ ದೊಡ್ಡವ್ವ ಬಿಚ್ಚಿಹಾಕಿದಳು. ಹೊಲಿದಷ್ಟು ಭಾಗ ನಮ್ಮದಾಯಿತು ಅಂತ ಅಷ್ಟನ್ನೇ ಮೈಮೇಲೆ ಎಳೆದುಕೊಳ್ಳುತ್ತಿದ್ದಳು. ಉಳಿದದ್ದು ಮಂಚದಾಚೆ ನೇತಾಡುತ್ತಿತ್ತು. ನಿದ್ದೆ ಮಾತ್ರ ಗಡದ್ದು.

ಅಷ್ಟರಲ್ಲಿ ಅವಳ ಮಗ ಸಾರಥಿಯಿಂದ ಬೈಕಿನಲ್ಲಿ ಬಂದ. "ನಡಿಯವ್ವ, ಸಾಕಿನ್ನ." ಔಷಧಿ ಇನ್ನೂ ಅರ್ಧವೂ ಆಗಿರಲಿಲ್ಲ.

ದೊಡ್ಡವ್ವ ತಲೆ ಎತ್ತಲಿಲ್ಲ. "ಸೂಜಿ ಹಚ್ಚಿದ ಕೌದಿ ಅರ್ಧಕ್ಕೆ ಬಿಟ್ಟು ಹೊಸ್ತಿಲು ದಾಟಬಾರದು."

ಇಂಥದ್ದೊಂದು ಶಾಸ್ತ್ರ ನಾನಂತೂ ಕೇಳಿಲ್ಲ. ಮಗನೂ ಕೇಳಿರಲಿಲ್ಲ. "ಕೌದಿನೂ ತಗಂಡೇ ಹೋಗಾಣ," ಅಂದ.

"ಹೊಲಿಯೋ ಜಾಗ ಬದಲಿಸಬಾರದು."

ಅವನು ಚಹಾ ಕುಡಿದು ಒಬ್ಬನೇ ಹೋದ. ನಾನು ಉಸ್ಸೆನ್ನುವಷ್ಟರಲ್ಲಿ, "ತಮ್ಮಾ, ದಾರ ಮುಗೀತು. ನೂಲಿಂದೇ ತಾ. ಆ ಪ್ಲಾಸ್ಟಿಕ್ ದಾರ ತಂದ್ರೆ ಒಳಗೆ ಕರಕಳಂಗಿಲ್ಲ."

ಪೇಟೆಯಲ್ಲಿ ಎಲ್ಲ ಅಂಗಡಿಯಲ್ಲೂ ಪ್ಲಾಸ್ಟಿಕ್ ದಾರವೇ. ಬಿಸಿಲಲ್ಲಿ ಸುತ್ತಿ ಸುತ್ತಿ ಸಾಕಾಗಿ ನಿಂತಾಗ ಒಬ್ಬ ಒಳಗಿಂದ ನೂಲಿನ ಉಂಡೆ ತಂದ. "ಗಾಳಿಪಟಕ್ಕೇನ್ರಿ?"

ವಿವರಿಸುವ ಚೈತನ್ಯ ಇರಲಿಲ್ಲ. "ಹೂಂ ಕಣ್ರಿ," ಅಂದೆ. "ಇನ್ನೂ ದೊಡ್ಡ ಉಂಡೆ ಇದ್ರೆ ಕೊಡ್ರಿ."