ದೊಡ್ಡಪ್ಪ ಕೂಡಿಸಿದ ಸೆಟ್ಟು

ನಮ್ಮ ದೊಡ್ಡಪ್ಪ ಸಿದ್ದಲಿಂಗಸ್ವಾಮಿಯವರಿಗೆ ಬನ್ನಿಮಂಟಪದಲ್ಲಿ ಒಳ್ಳೆಯ ಹೆಸರಿತ್ತು. ಹಗಲು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಯಂತ್ರದ ಮುಂದೆ ನಿಲ್ಲುತ್ತಿದ್ದರು, ಸಂಜೆ ಮನೆಯಲ್ಲಿ ಸ್ಟೀರಿಯೊ ಸೆಟ್ಟು ಕೂಡಿಸುತ್ತಿದ್ದರು. 'ಕಿವಿ ಅಂದರೆ ಸ್ವಾಮಿಯವರ ಕಿವಿ' ಎಂದು ಕೆಸರೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಹೊಗಳಿಕೆ ಕೇಳಿ ಕೇಳಿ ದೊಡ್ಡಪ್ಪ ಉಬ್ಬಿಹೋಗಿದ್ದರು. ಅದರ ಫಲ ಅನುಭವಿಸಿದವರು ಮಾತ್ರ ನಮ್ಮ ದೊಡ್ಡಮ್ಮ ದಾಕ್ಷಾಯಣಮ್ಮ.

ತೊಂಬತ್ತಾರರಲ್ಲಿ ನಾನು ಕಾಲೇಜು ಓದಲೆಂದು ಅವರ ಮನೆಗೆ ಬಂದೆ. ದೊಡ್ಡಮ್ಮನಿಗೆ ಹಾಡೆಂದರೆ ಪ್ರಾಣ. ಮಧ್ಯಾಹ್ನ ಅಡುಗೆಮನೆಯ ಪುಟ್ಟ ರೇಡಿಯೊ ಹಾಕಿಕೊಂಡು, ಸೊಪ್ಪು ಬಿಡಿಸುತ್ತ ತಾವೂ ಗುನುಗುತ್ತಿದ್ದರು. ಇಡೀ ದಿನದಲ್ಲಿ ಅವರದು ಅನ್ನುವ ಹೊತ್ತು ಅದೊಂದೇ. ದೊಡ್ಡಪ್ಪ ಒಂದು ದಿನ ಆ ರೇಡಿಯೊವನ್ನು ಗುಜರಿಗೆ ಹಾಕಿಬಿಟ್ಟರು.

"ಸೆಟ್ಟಲ್ಲೇ ರೇಡಿಯೊ ಇದೆ. ಆ ಡಬ್ಬಾ ಕೇಳೋದನ್ನ ಯಾರಾದ್ರೂ ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದರು.

ಮನೆಗೆಂದೇ ಕೂಡಿಸಿಕೊಂಡಿದ್ದ ಆ ಸೆಟ್ಟಿನ ಪೆಟ್ಟಿಗೆಗಳಲ್ಲಿ ಚೂಪು ಸ್ವರ ನುಡಿಸುವ ಪುಟ್ಟ ಟ್ವೀಟರ್‌ಗಳು ಸಾಲಾಗಿ ಕೂತಿದ್ದವು. ತಾಳದ ಝಣಕು ಸಾಲದೆಂದು ಗೊಣಗುತ್ತ ದೊಡ್ಡಪ್ಪ ವರ್ಷ ವರ್ಷವೂ ಇನ್ನೊಂದು ಸೇರಿಸುತ್ತಿದ್ದರು. ಆ ಸ್ವರವನ್ನು ಏರಿಸಿ ಇಳಿಸುವ ಟ್ರೆಬಲ್ ನಾಬನ್ನು ತುತ್ತತುದಿಗೆ ತಿರುಗಿಸಿ, ನಾಬಿನಿಂದ ಪೆಟ್ಟಿಗೆಯ ಮೇಲೆ ಹಾಯುವಂತೆ ಒಂದು ಕೆಂಪು ಬಣ್ಣದ ಗೆರೆ ಎಳೆಯುತ್ತಿದ್ದರು. ಕಾರ್ಖಾನೆಯಲ್ಲಿ ಬಿಗಿದ ಬೋಲ್ಟಿಗೆ ಹಾಗೆಯೇ ಗೆರೆ ಎಳೆಯುತ್ತಾರಂತೆ; ಯಾರಾದರೂ ಅಲುಗಿಸಿದರೆ ಗೆರೆ ತಪ್ಪಿ ತಿಳಿದುಬಿಡುತ್ತದೆ. ಹೆಂಡತಿಯ ಮೇಲೂ ಆ ಕಾವಲು ಹಾಕಿದ ಮಹಾರಾಯರು ಇವರೊಬ್ಬರೇ ಇರಬೇಕು.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅವರು ವಚನದ ಕ್ಯಾಸೆಟ್ ಹಾಕಿದರೆ ನನಗೂ ಹಲ್ಲು ಜುಮ್ಮೆನ್ನುತ್ತಿತ್ತು. ದೊಡ್ಡಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು ದೋಸೆ ಹುಯ್ಯುತ್ತಿದ್ದರು.

"ರೀ, ಕಿವಿಗೆ ಸೂಜಿ ಚುಚ್ಚಿದಂಗಾಗುತ್ತೆ. ತಲೆ ಸಿಡಿಯುತ್ತೆ. ಒಸಿ ಕಮ್ಮಿ ಮಾಡ್ರೀ."

"ಆ ಮೇಲಿನ ಸ್ವರ ಮನುಷ್ಯರ ಕಿವಿಗೆ ಕೇಳೋದೇ ಇಲ್ಲ ಕಣೇ. ಹಾಡಿಗೊಂದು ಕಳೆ ಕೊಡುತ್ತೆ, ಅಷ್ಟೆ. ಕೇಳ್ದೇ ಇರೋದು ತಲೆನೋವು ಎಂಗೆ ತರುತ್ತೆ? ನಿಂಗೆ ಸಂಗೀತದ ಗಂಧಗಾಳಿ ಇಲ್ಲ ಅಂತ ಒಪ್ಕೊ."

ಹಾಡಿಗಾಗಿ ಜೀವ ಬಿಡುವ ಹೆಂಗಸಿಗೆ ಈ ಮಾತು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ದೊಡ್ಡಪ್ಪ ಕೆಲಸಕ್ಕೆ ಹೋದಾಗ ದೊಡ್ಡಮ್ಮ ಧೈರ್ಯ ಮಾಡಿ ನಾಬು ಇಳಿಸಿ, ಹಾಯಾಗಿ ಕೂತು ಹಾಡು ಕೇಳಿದರು. ಮತ್ತೆ ಏರಿಸಿದರೂ ಗೆರೆ ಕೂದಲೆಳೆಯಷ್ಟು ತಪ್ಪಿತ್ತು. ಸಂಜೆ ಸಿಕ್ಕಿಬಿದ್ದರು.

"ನಾನ್ ಇಟ್ಟಿದ್ದನ್ನ ಮುಟ್ಬುಟ್ಯಾ? ಕಿವುಡಿಗೆ ಏನು ಗೊತ್ತಾಗುತ್ತೆ?" ಎಂದು ದೊಡ್ಡಪ್ಪ ಗಿರಾಕಿಗಳೆದುರೇ ಕೂಗಾಡಿದರು. ಆಮೇಲೆ ದೊಡ್ಡಮ್ಮ ಆ ಸೆಟ್ಟಿನ ಹತ್ತಿರ ಸುಳಿಯಲಿಲ್ಲ. ಗುನುಗುವುದೂ ನಿಂತುಹೋಯಿತು.

ಎರಡು ಸಾವಿರದ ಒಂದರಲ್ಲಿ ಕಾರ್ಖಾನೆಯವರು ಯಂತ್ರದ ಮುಂದೆ ನಿಲ್ಲುವವರಿಗೆಲ್ಲ ಕಿವಿ ಪರೀಕ್ಷೆ ಮಾಡಿಸಿದರು. ನಾನಾಗ ಓದು ಮುಗಿಸಿ ಕೆಲಸಕ್ಕೆ ಸೇರಿ, ದೊಡ್ಡಮ್ಮನ ಮನೆಯಲ್ಲೇ ಇದ್ದೆ. ಯಂತ್ರದ ಸದ್ದಿಗೆ ದೊಡ್ಡಪ್ಪನ ಕಿವಿ ಮೇಲಿನ ಸ್ವರಗಳನ್ನು ಕಳೆದುಕೊಂಡು ಎಷ್ಟೋ ವರ್ಷವಾಗಿದೆ ಎಂದರಂತೆ ಡಾಕ್ಟರು. ಉಳಿದವರಿಗೆಲ್ಲ ಚೆನ್ನಾಗಿ ಕೇಳುವ ಸ್ವರ ಅವರಿಗೆ ಕೇಳುತ್ತಲೇ ಇರಲಿಲ್ಲ. ತಮಗೆ ಕೇಳದ್ದು ಯಾರಿಗೂ ಕೇಳದು ಎಂದುಕೊಂಡು ಏರಿಸುತ್ತಲೇ ಹೋಗಿದ್ದರು.

ಅಂದು ಸಂಜೆ ಮನೆಗೆ ಬಂದವರು ಕೈಕಾಲೂ ತೊಳೆಯದೆ ದೊಡ್ಡಮ್ಮನನ್ನು ಕರೆದು, ತಲೆ ತಗ್ಗಿಸಿಕೊಂಡು ಇದನ್ನೆಲ್ಲ ಹೇಳಿದರು. ವಚನ ಹಾಕಿ, "ಬಾ, ನಿಂಗೆ ಎಷ್ಟು ಬೇಕೋ ಅಷ್ಟಕ್ಕಿಡು" ಎಂದರು. ದೊಡ್ಡಮ್ಮ ಕೈಯೊರೆಸಿಕೊಂಡು ಬಂದು ನಾಬನ್ನು ತುದಿಯಿಂದ ಸೊನ್ನೆಯವರೆಗೂ ಇಳಿಸಿದರು. ನನ್ನ ತಲೆಯೇ ಹಗುರಾದಂತಾಯಿತು.

"ಈಗ ಎಂಗಿದೆ ನಿಮ್ಗೆ?" ಎಂದು ಕೇಳಿದರು ದೊಡ್ಡಮ್ಮ.

"ಏನೂ ಬದಲಾಗ್ಲಿಲ್ವಲ್ಲೇ. ಅಂಗೇ ಇದೆ."

ದೊಡ್ಡಮ್ಮನ ಕಣ್ಣು ತುಂಬಿತು. "ಅಂಗೇ ಇದೆಯಾ? ನಿಮ್ಗೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಆಗಿದ್ದಕ್ಕಾ ನಾನು ಇಷ್ಟು ವರ್ಷ ತಲೆ ಹಿಡ್ಕೊಂಡು ಕೂತಿದ್ದು?"

ದೊಡ್ಡಪ್ಪ ಕ್ಯಾಸೆಟ್ ನಿಲ್ಲಿಸಿ ಕೈಕಾಲು ತೊಳೆಯಲು ಹೋದರು.

ನಾಬು ಆಮೇಲೆ ಸೊನ್ನೆಯಲ್ಲೇ ಉಳಿಯಿತು. ದೊಡ್ಡಪ್ಪ ಬೇರೆಯವರಿಗೆ ಸೆಟ್ಟು ಕೂಡಿಸುವುದನ್ನೂ ಬಿಟ್ಟರು. ರಜೆಯ ದಿನ ನಾನು ಮೆಲ್ಲಗೆ ಹಾಡು ಹಾಕಿ ಕರೆದರೆ, ದೊಡ್ಡಮ್ಮ ಒಗೆಯುವ ಬಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೊರಡುತ್ತಿದ್ದರು.

"ನೀನು ಕೇಳ್ಕೊಮ್ಮ," ಎನ್ನುತ್ತಿದ್ದರು. "ಹಾಡು ಶುರುವಾದ್ರೆ ಸಾಕು, ಈಗ ಸುಮ್‌ಸುಮ್ನೇ ತಲೆ ನೋಯುತ್ತೆ ಕಣಮ್ಮ."